42ಕ್ಕೆ ಎಲೆಕ್ಟ್ರಿಷಿಯನ್ ಕೆಲಸ ಕಲಿಯಬೇಕು ಅಂತಿದ್ದೇನೆ. ಐಟಿಐ ಸೇರಲಾ, ಹೆಲ್ಪರ್ ಆಗಲಾ?

ಗುಬ್ಬಿ ಜೆರಾಕ್ಸ್ · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಇಲ್ಲಿ ಇಷ್ಟು ದಿನ ಓದುತ್ತಿದ್ದೆ ಅಷ್ಟೇ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನನಗೆ 42. ಗುಬ್ಬಿಯಲ್ಲಿ 14 ವರ್ಷ ಜೆರಾಕ್ಸ್, ರೀಚಾರ್ಜ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದೆ. ರೀಚಾರ್ಜ್ ಪೂರ್ತಿ ಮೊಬೈಲ್‌ಗೆ ಹೋಯಿತು. ಜೆರಾಕ್ಸ್ ಅರ್ಧಕ್ಕೆ ಇಳಿಯಿತು. ಬಾಡಿಗೆ ಮಾತ್ರ ಇಳಿಯಲಿಲ್ಲ. ಯುಗಾದಿ ಮುಗಿಸಿಕೊಂಡು ಶಟರ್ ಎಳೆದುಬಿಟ್ಟೆ. ಮಷಿನ್ ಮಾರಿದ ದುಡ್ಡು, ಚೀಟಿ ದುಡ್ಡು ಸೇರಿದರೆ ಒಂದು ವರ್ಷ ಹೇಗೋ ಎಳೆಯಬಹುದು. ಹೆಂಡತಿ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಮಗಳು ಒಂಬತ್ತನೇ ಕ್ಲಾಸ್, ಮಗ ಐದನೇ ಕ್ಲಾಸ್.

ಎಲೆಕ್ಟ್ರಿಷಿಯನ್ ಕೆಲಸವೇ ಯಾಕೆ ಅಂದರೆ, ಅಂಗಡಿಯಲ್ಲಿ ಏನಾದರೂ ಸುಟ್ಟುಹೋದಾಗ ಫೋನ್ ಮಾಡಿದ ದಿನವೇ ಬಂದ ವೈರ್‌ಮ್ಯಾನ್ ಒಬ್ಬನನ್ನೂ ನಾನು 14 ವರ್ಷದಲ್ಲಿ ನೋಡಿಲ್ಲ. "ನಾಳೆ ಬರ್ತೀನಿ ಅಣ್ಣ" ಅಂತಾರೆ, ಆ ನಾಳೆ ಬರುವುದು ಗುರುವಾರವೋ ಶುಕ್ರವಾರವೋ. ಇಷ್ಟು ಬೇಡಿಕೆ ಇರುವ ಕೆಲಸ ನಮ್ಮ ಪೇಟೆಯಲ್ಲಿ ಬೇರೆ ಯಾವುದೂ ಇಲ್ಲ ಅನ್ನಿಸಿತು.

ಈಗ ಮೂರು ದಾರಿ ಕಾಣುತ್ತಿದೆ. ಸರ್ಕಾರಿ ಐಟಿಐನಲ್ಲಿ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸ್. ಇಲ್ಲವೇ ಬ್ಯಾಂಕಿನವರು ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರ ಆರ್‌ಸೆಟಿಯಲ್ಲಿ 30 ದಿನದ ಹೌಸ್ ವೈರಿಂಗ್ ತರಬೇತಿ. ಇಲ್ಲವೇ ಸೀದಾ ಯಾರಾದರೂ ಮೇಸ್ತ್ರಿ ಹತ್ತಿರ ಹೆಲ್ಪರ್ ಆಗಿ ಸೇರುವುದು. ನನ್ನದು 1999ರ ಎಸ್ಸೆಸ್ಸೆಲ್ಸಿ, 625ಕ್ಕೆ 338. ಪಿಯುಸಿ ಫೇಲ್.

ಒಂದು ತಮಾಷೆ ನೋಡಿ. ಎಷ್ಟೋ ಹುಡುಗರ ಐಟಿಐ ಅರ್ಜಿ ನನ್ನ ಅಂಗಡಿಯಲ್ಲಿ ನಾನೇ ತುಂಬಿದ್ದೇನೆ. ಹುಟ್ಟಿದ ದಿನಾಂಕದ ಜಾಗದಲ್ಲಿ 2006, 2007 ಅಂತ ಹೊಡೆದು ಹೊಡೆದು ಬೆರಳಿಗೆ ಅಭ್ಯಾಸವಾಗಿಬಿಟ್ಟಿದೆ. ಅದೇ ಜಾಗದಲ್ಲಿ 1983 ಅಂತ ಒತ್ತಬೇಕು ಅಂದರೆ ಕೈ ನಡುಗುತ್ತದೆ. ಮಗಳು ಬೇರೆ ಕೇಳಿದಳು, "ಅಪ್ಪಾ, ನೀನೂ ಯೂನಿಫಾರ್ಮ್ ಹಾಕ್ತೀಯಾ?"

ಗೊತ್ತಿದ್ದವರು ಹೇಳಿ. ಸುಮ್ನೆ ಧೈರ್ಯ ತುಂಬಬೇಡಿ, ಇದ್ದದ್ದನ್ನು ಇದ್ದಹಾಗೆ ಹೇಳಿ.

ನೇರ ಮಾತು · ಸೋಮವಾರ ರಾತ್ರಿ 11:05

ಇದ್ದಹಾಗೆ ಹೇಳಿ ಅಂದಿರಿ, ಹೇಳುತ್ತೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಐಟಿಐ ಮುಗಿಸುವಾಗ ನಿಮಗೆ 44. ಯಾವ ಕಂಪನಿ ಕರೆಯುತ್ತದೆ? ಕೈಯಲ್ಲಿರುವ ದುಡ್ಡಿಗೆ ಎರಡು ಹಸು ಕಟ್ಟಿ. ಡೇರಿಗೆ ಹಾಲು ಹಾಕಿದರೆ ಬಿಲ್ ಬರುತ್ತದೆ.

ನಿವೃತ್ತ ಜೆಟಿಒ · ಮಂಗಳವಾರ ಬೆಳಗ್ಗೆ 6:20

ಐಟಿಐನಲ್ಲಿ ಕಿರಿಯ ತರಬೇತಿ ಅಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಮೊದಲು ನಿಯಮದ ಮಾತು ಮುಗಿಸಿಬಿಡೋಣ.

ಐಟಿಐ ಪ್ರವೇಶಕ್ಕೆ ಕೇಂದ್ರದ ನಿಯಮದಲ್ಲಿ ಕನಿಷ್ಠ ವಯಸ್ಸು 14. ಗರಿಷ್ಠ ವಯಸ್ಸು ಅಂತ ಇಲ್ಲ. ಹಾಗಾಗಿ 1983 ಅಂತ ಧೈರ್ಯವಾಗಿ ಒತ್ತಿ, ಅರ್ಜಿ ತಿರಸ್ಕಾರ ಆಗುವುದಿಲ್ಲ. ನಿಮಗೆ ಅಡ್ಡ ಬರುವುದು ವಯಸ್ಸಲ್ಲ, ಆ 338. ಸೀಟು ಕೊಡುವುದು ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಎಲೆಕ್ಟ್ರಿಷಿಯನ್‌ಗೆ ಒಂದು ಘಟಕಕ್ಕೆ 20 ಸೀಟು, ಅದರಲ್ಲಿ ಮೀಸಲಾತಿ ಎಲ್ಲ ಕಳೆಯಬೇಕು. ಈಗಿನ ಹುಡುಗರು 500ರ ಮೇಲೆ ತೆಗೆದುಕೊಂಡು ಬರುತ್ತಾರೆ. ಎಲ್ಲರೂ ಮೊದಲು ಕೇಳುವುದೂ ಅದೇ ಟ್ರೇಡ್. ಅದಕ್ಕೇ ಅರ್ಜಿಯಲ್ಲಿ ವೈರ್‌ಮ್ಯಾನ್ ಟ್ರೇಡ್ ಕೂಡ ಹಾಕಿ. ಅದಕ್ಕೆ ಎಂಟನೇ ತರಗತಿ ಪಾಸ್ ಸಾಕು, ಪೈಪೋಟಿ ಕಡಿಮೆ. ಮನೆ ವೈರಿಂಗ್ ಮಾಡಬೇಕು ಅನ್ನುವವರಿಗೆ ಅದರಲ್ಲಿ ಕೊರತೆ ಏನೂ ಇಲ್ಲ. ಖಾಸಗಿ ಐಟಿಐಗಳಲ್ಲಿ ಸೀಟು ಸಿಗುತ್ತದೆ, ಶುಲ್ಕ ಜಾಸ್ತಿ. ಸೇರುವ ಮುಂಚೆ ಒಳಗೆ ಹೋಗಿ ವರ್ಕ್‌ಶಾಪ್ ನೋಡಿ. ಬೀಗ ಹಾಕಿದ ವರ್ಕ್‌ಶಾಪ್ ಕಂಡರೆ ವಾಪಸ್ ಬನ್ನಿ.

ಇನ್ನೊಂದು ವಿಷಯ ಹಾಜರಿ. ಶೇಕಡ 80 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ವರ್ಷಕ್ಕೆ 1,200 ಗಂಟೆ ಪಾಠ ಮತ್ತು ವರ್ಕ್‌ಶಾಪ್, ಅದರ ಮೇಲೆ 150 ಗಂಟೆ ಹೊರಗೆ ಕೆಲಸದ ಜಾಗದಲ್ಲಿ. ಸಂಸಾರ ಇರುವವರು ಎಡವುವುದು ಇಲ್ಲೇ. ನನ್ನ ಸರ್ವೀಸಿನಲ್ಲಿ ಮೂವತ್ತು ದಾಟಿದವರು ಏಳೆಂಟು ಜನ ಬಂದಿರಬಹುದು. ಬಿಟ್ಟುಹೋದವರಲ್ಲಿ ಪಾಠ ಅರ್ಥವಾಗದೆ ಬಿಟ್ಟವರು ಒಬ್ಬರೂ ಇಲ್ಲ. ಮದುವೆ, ಆಸ್ಪತ್ರೆ, ಗದ್ದೆ ನಾಟಿ ಅಂತ ರಜೆ ಹಾಕಿ ಹಾಕಿ ಹಾಜರಿ ಕಮ್ಮಿ ಮಾಡಿಕೊಂಡವರೇ.

ಥಿಯರಿ ಪರೀಕ್ಷೆ ಕಂಪ್ಯೂಟರ್ ಮೇಲೆ. ಆ ವಿಷಯದಲ್ಲಿ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ.

ಅರ ಹಿಡಿದವ · ಮಂಗಳವಾರ ಮಧ್ಯಾಹ್ನ 1:15

"ನೇರ ಮಾತು" ಅವರೇ, ಗಿಡ ಬಗ್ಗುತ್ತದೆ ನಿಜ. ತೊಲೆ ಮಾಡಲು ಮರಾನೇ ಬೇಕು, ಅಲ್ವಾ?

ನಾನು 37ಕ್ಕೆ ಐಟಿಐ ಫಿಟ್ಟರ್ ಸೇರಿದವನು. ಅದಕ್ಕೆ ಮುಂಚೆ ಒಂದು ಸೊಸೈಟಿಗೆ ಪಿಗ್ಮಿ ಕಲೆಕ್ಟ್ ಮಾಡುತ್ತಿದ್ದೆ. ಸೊಸೈಟಿ ಮುಳುಗಿತು. ಬೀದಿಯಲ್ಲಿ ಓಡಾಡಿದರೆ ಜನ ಅಡ್ಡ ಹಾಕಿ ದುಡ್ಡು ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ಬೆಳಗ್ಗೆಯಿಂದ ಸಂಜೆವರೆಗೆ ಊರಲ್ಲಿ ಇರದೆ ತಪ್ಪಿಸಿಕೊಳ್ಳಲು ನನಗೊಂದು ಜಾಗ ಬೇಕಿತ್ತು. ಹಾಗೆ ಹೋಗಿ ಸೇರಿದ್ದು. ದೊಡ್ಡ ಛಲ ಗಿಲ ಏನೂ ಇರಲಿಲ್ಲ.

ಮೊದಲ ತಿಂಗಳು ಮಾಡಿಸುವುದು ಒಂದೇ ಕೆಲಸ, ಅರದಲ್ಲಿ ಉಜ್ಜುವುದು. ಎಲೆಕ್ಟ್ರಿಷಿಯನ್‌ನವರಿಗೂ ಸ್ವಲ್ಪ ದಿನ ಇದು ಇರುತ್ತದೆ, ಫೈಲಿಂಗ್ ಅಂತಾರೆ. ಅಂಗೈ ಅಗಲದ ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ ನಾಲ್ಕೂ ಬದಿ ಚೌಕ ಬರುವ ತನಕ ಉಜ್ಜಬೇಕು. ಕೇಳಲು ಸುಲಭ. ಅರ ಮುಂದೆ ಹೋಗುವಾಗ ಕೈ ತಾನಾಗಿಯೇ ತೂಗುತ್ತದೆ. ತುಂಡಿನ ಎರಡೂ ಅಂಚು ಜಾಸ್ತಿ ಸವೆದು ಮಧ್ಯೆ ಉಬ್ಬಿಕೊಳ್ಳುತ್ತದೆ. ಜೆಟಿಒ ಬಂದು ಮೂಲೆ ನೇರ ಇದೆಯಾ ನೋಡುವ ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಕಡೆ ಹಿಡಿಯುತ್ತಾರೆ. ತುಂಡಿಗೂ ಸ್ಕ್ವೇರ್‌ಗೂ ನಡುವೆ ಬೆಳಕು ತೂರಿಬಂದರೆ ಕೆಲಸ ಕೆಟ್ಟಿದೆ ಅಂತ ಅರ್ಥ. ಕೂದಲೆಳೆಯಷ್ಟು ಬೆಳಕಾದರೂ ಸಾಕು. ಮೂರನೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ. 14 ವರ್ಷ ಕೀಬೋರ್ಡ್ ಒತ್ತಿದ ಕೈ ನಿಮ್ಮದು, ಈಗಲೇ ಹೇಳಿಬಿಡುತ್ತೇನೆ, ಒಡೆಯುತ್ತದೆ.

ನನ್ನ ಹಿಂದಿನ ಬೆಂಚಿನ ಹುಡುಗನ ತುಂಡನ್ನು ಜೆಟಿಒ ಸರ್ ಎತ್ತಿ ಮೂಲೆಗೆ ಎಸೆದರು. "ಏನೋ ಇದು, ಕಡುಬಾ? ಮತ್ತೆ ಮಾಡು" ಅಂದರು. ಅವನು ಮತ್ತೆ ಮಾಡಿದ. ಮತ್ತೆ ಎಸೆದರು. ನನ್ನ ತುಂಡು ನೋಡಿ ಒಂದು ಕ್ಷಣ ಸುಮ್ಮನಿದ್ದು "ಪರವಾಗಿಲ್ಲ ಸರ್, ಮುಂದಿನ ಜಾಬ್ ತಗೊಳ್ಳಿ" ಅಂದರು. ಜಾಬ್ ಅಂದರೆ ನಾವು ಉಜ್ಜುವ ತುಂಡು. ನನಗಿಂತ ಎಂಟು ವರ್ಷ ಚಿಕ್ಕವರು ಅವರು. ನಾನು ಅವರಿಗೆ ಸರ್ ಅನ್ನುತ್ತಿದ್ದೆ, ಅವರು ನನಗೆ ಸರ್ ಅನ್ನುತ್ತಿದ್ದರು. ಹುಡುಗರು ನನಗೆ "ಪಿಗ್ಮಿ ಅಂಕಲ್" ಅಂತ ಹೆಸರಿಟ್ಟಿದ್ದರು. ಅದಕ್ಕೆ ಬೇಜಾರಾಗಲಿಲ್ಲ. ಎರಡು ತಿಂಗಳಾದ ಮೇಲೆ ನೋಡಿದರೆ, ಎಸೆಸಿಕೊಂಡ ಆ ಹುಡುಗನ ತುಂಡಿನಲ್ಲಿ ಬೆಳಕು ತೂರುತ್ತಿರಲಿಲ್ಲ. ನನ್ನದರಲ್ಲಿ ತೂರುತ್ತಿತ್ತು. ಆವತ್ತು ಬೇಜಾರಾಯಿತು.

ಮರುದಿನ ಊಟದ ಹೊತ್ತಿನಲ್ಲಿ ಅವರ ರೂಮಿಗೆ ಹೋಗಿ, "ಸರ್, ನನ್ನ ಜಾಬನ್ನೂ ಎಸೆಯಿರಿ" ಅಂದೆ. ನಕ್ಕರು. ಆದರೆ ಎಸೆದರು. ಒಂದೇ ವಾರದಲ್ಲಿ ಆರು ಸಲ.

ಈಗ ನನಗೆ 41. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಡೆ ಮೆಂಟೆನೆನ್ಸ್‌ನಲ್ಲಿದ್ದೇನೆ. ಸಂಬಳ ಭಾರೀ ಏನಲ್ಲ, ಆದರೆ ತಿಂಗಳು ತಿಂಗಳು ಬರುತ್ತದೆ. ಇನ್ನೊಂದು ಮರೆತೆ. ಚಾಳೀಸು ಬಂದಿದ್ದರೆ ಮೊದಲು ಕನ್ನಡಕ ಮಾಡಿಸಿಕೊಳ್ಳಿ. ಅಳತೆ ತೆಗೆಯುವ ವರ್ನಿಯರ್‌ನ ಗೆರೆ ಕಾಣದೆ ನಾನು ಒಂದು ತಿಂಗಳು ಅಂದಾಜಿನಲ್ಲಿ ಓದಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ. ದಡ್ಡತನ.

ಗುಬ್ಬಿ ಜೆರಾಕ್ಸ್ · ಮಂಗಳವಾರ ರಾತ್ರಿ 9:30

ಜೆಟಿಒ ಸರ್, ತುಂಬಾ ಉಪಕಾರವಾಯಿತು. ವೈರ್‌ಮ್ಯಾನ್ ಟ್ರೇಡ್ ನನ್ನ ತಲೆಯಲ್ಲೇ ಇರಲಿಲ್ಲ. ಹುಡುಗರ ಅರ್ಜಿ ತುಂಬುವಾಗ ಅದನ್ನು ಕೊನೆಗೆ ಹಾಕುತ್ತಿದ್ದೆ.

ಅರ ಹಿಡಿದವರೇ, ನಿಮ್ಮದನ್ನು ಹೆಂಡತಿಗೆ ಓದಿ ಹೇಳಿದೆ. "ನಿಮಗೆ ಬೈದರೆ ಎರಡು ದಿನ ಊಟ ಬಿಡ್ತೀರಾ, ನೀವೆಲ್ಲಿ ಎಸೆಸಿಕೊಳ್ತೀರಾ" ಅಂದಳು. ಅದೂ ನಿಜವೇ.

ನನ್ನ ಚಿಂತೆ ಎರಡು ವರ್ಷದ ಖರ್ಚು. ಐಟಿಐ ಆದಮೇಲೆ ಅಪ್ರೆಂಟಿಸ್ ಅಂತ ಇನ್ನೊಂದು ವರ್ಷ ಇದೆಯಂತೆ, ಅದರಲ್ಲಿ ಸ್ಟೈಪೆಂಡ್ ಎಷ್ಟು ಬರುತ್ತದೆ? ರೈಲ್ವೆಯಲ್ಲಿ ಆಗುತ್ತದಾ? ಮತ್ತೆ ವಿಶ್ವಕರ್ಮ ಯೋಜನೆಯಲ್ಲಿ ಟೂಲ್ಸ್‌ಗೆ 15,000 ಕೊಡುತ್ತಾರೆ ಅಂತ ಒಬ್ಬರು ಹೇಳಿದರು.

ನಿವೃತ್ತ ಜೆಟಿಒ · ಬುಧವಾರ ಬೆಳಗ್ಗೆ 6:05

ವಿಶ್ವಕರ್ಮ ಮೊದಲು. 2023ರ ಸೆಪ್ಟೆಂಬರ್ 17ರಂದು ಶುರುವಾದ ಯೋಜನೆ. ಬಡಗಿ, ಕಮ್ಮಾರ, ಕುಂಬಾರ, ಗಾರೆ ಕೆಲಸ, ಕ್ಷೌರ, ದರ್ಜಿ ಹೀಗೆ 18 ಕಸುಬು ಅದರಲ್ಲಿವೆ. ಎಲೆಕ್ಟ್ರಿಷಿಯನ್ ಇಲ್ಲ. ಆದರೆ ನಿಮ್ಮ ಮನೆಯವರು ಹೊಲಿಯುತ್ತಾರೆ ಅಂದಿರಲ್ಲ, ದರ್ಜಿ ಇದೆ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಅವರ ಹೆಸರಲ್ಲಿ ಹಾಕಿಸಿ. ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಶೇಕಡ 5ರ ಬಡ್ಡಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ. ವಯಸ್ಸು 18 ತುಂಬಿರಬೇಕು ಅಷ್ಟೇ.

ಅಪ್ರೆಂಟಿಸ್ ವಿಷಯ. 1961ರ ಕಾಯ್ದೆಯಲ್ಲಿ ಗರಿಷ್ಠ ವಯಸ್ಸು ಬರೆದಿಲ್ಲ. ಸ್ಟೈಪೆಂಡ್ 2019ರಲ್ಲಿ ತಿದ್ದಿದ ನಿಯಮದ ಪ್ರಕಾರ ತಿಂಗಳಿಗೆ ಕನಿಷ್ಠ 5,000ದಿಂದ 9,000ವರೆಗೆ ಇಟ್ಟರು, ಐಟಿಐ ಆದವರಿಗೆ ಆಗ 7,000. ಅದು ಕನಿಷ್ಠ, ಜಾಸ್ತಿ ಕೊಡುವ ಕಂಪನಿಗಳಿವೆ. ಆದರೆ ಕಾಯ್ದೆ ಒಂದು ಕಡೆ, ಕಂಪನಿ ಒಂದು ಕಡೆ. ರೈಲ್ವೆ ಅಪ್ರೆಂಟಿಸ್‌ಗೆ 15ರಿಂದ 24 ವರ್ಷ, ಮೀಸಲಾತಿಯವರಿಗೆ ಸ್ವಲ್ಪ ಸಡಿಲಿಕೆ. ಅದನ್ನು ಮರೆತುಬಿಡಿ. ದೊಡ್ಡ ಕಾರ್ಖಾನೆಗಳೂ ಹುಡುಗರನ್ನೇ ನೋಡುತ್ತವೆ. ಲೈನ್‌ಮ್ಯಾನ್ ಕೆಲಸಕ್ಕೂ ವಯಸ್ಸಿನ ಮಿತಿ ಇದೆ, ಮೇಲೆ ಕಂಬ ಹತ್ತುವ ಪರೀಕ್ಷೆ ಬೇರೆ.

ನೇರ ಮಾತು · ಬುಧವಾರ ಬೆಳಗ್ಗೆ 9:50

ನಾನು ಹೇಳಿದ್ದೂ ಅದೇ ಅಲ್ವಾ? ನಿಯಮದಲ್ಲಿ ಬಾಗಿಲು ತೆರೆದಿದೆ, ಒಳಗೆ ಹೋದರೆ ಕುರ್ಚಿ ಇಲ್ಲ. ನನಗೂ ಆಗಿದೆ ಇದು. 39ಕ್ಕೆ ಸಿಎನ್‌ಸಿ ಕಲಿತೆ, ಕಂಪ್ಯೂಟರ್‌ನಿಂದ ನಡೆಯುವ ಕಾರ್ಖಾನೆ ಮಷಿನ್ ಕೆಲಸ. ಸರ್ಟಿಫಿಕೇಟ್ ಹಿಡಿದು ಹೋದರೆ ಒಂದು ಕಂಪನಿಯ ಎಚ್‌ಆರ್ ಹುಡುಗಿ ಫೈಲ್ ಕೂಡ ತೆರೆಯಲಿಲ್ಲ. "ಸರ್, ನೀವು ನಮ್ಮ ಸೂಪರ್‌ವೈಸರ್‌ಗಿಂತ ದೊಡ್ಡವರು, ಅವರಿಗೆ ಮುಜುಗರ ಆಗುತ್ತೆ" ಅಂದಳು. ನನಗೆ ಕೆಲಸ ಬರುತ್ತದಾ ಇಲ್ಲವಾ ಅಂತ ಕೇಳಲೇ ಇಲ್ಲ. ಅದಕ್ಕೇ ಹಸು ಕಟ್ಟಿ ಅಂದದ್ದು. ಈಗ ನನ್ನ ಹತ್ತಿರ ನಾಲ್ಕು ಇವೆ. ಹಸು ವಯಸ್ಸು ಕೇಳುವುದಿಲ್ಲ.

ಪಾಯಿಂಟ್ ರೇಟ್ · ಬುಧವಾರ ರಾತ್ರಿ 10:10

ನಾನು ಆ ಸೂಪರ್‌ವೈಸರ್ ಜಾಗದಲ್ಲಿರುವವನು. 29 ವರ್ಷ, ದಾವಣಗೆರೆಯಲ್ಲಿ ವೈರಿಂಗ್ ಕಂಟ್ರಾಕ್ಟ್ ಮಾಡುತ್ತೇನೆ. ಆ ಹುಡುಗಿ ಹೇಳಿದ್ದು ಸುಳ್ಳಲ್ಲ ಅಣ್ಣ. ಮುಜುಗರ ಆಗುವುದು ನಮಗೇ.

ನನ್ನ ಹತ್ತಿರ ಇಬ್ಬರು ದೊಡ್ಡವರು ಹೆಲ್ಪರ್ ಆಗಿ ಬಂದರು. ಒಬ್ಬರಿಗೆ 45, ಒಬ್ಬರಿಗೆ 50ರ ಹತ್ತಿರ. ಅಪ್ಪನ ವಯಸ್ಸಿನವರಿಗೆ "ಏಣಿ ಹತ್ತು" ಅಂತ ಹೇಗೆ ಹೇಳಲಿ? ನಾನೇ ಹತ್ತುತ್ತಿದ್ದೆ. ಅವರು ಕೆಳಗೆ ನಿಂತು ವೈರ್ ಕೊಡುತ್ತಿದ್ದರು. ಹುಡುಗ ತಪ್ಪು ಮಾಡಿದರೆ ತಲೆಗೊಂದು ಮೊಟಕಿ ಅವನ ಕೈಯಲ್ಲೇ ಬಿಚ್ಚಿಸಿ ಮತ್ತೆ ಹಾಕಿಸುತ್ತೇನೆ. ಅವರು ತಪ್ಪು ಮಾಡಿದರೆ "ಇರಲಿ ಕಾಕಾ, ನಾನು ನೋಡ್ಕೋತೀನಿ" ಅಂತ ಅವರು ಟೀ ಕುಡಿಯಲು ಹೋದಾಗ ಸರಿ ಮಾಡಿಬಿಡುತ್ತಿದ್ದೆ. ಮರ್ಯಾದೆ ಕೊಟ್ಟೆ ಅಂದುಕೊಂಡಿದ್ದೆ. ಒಂದು ವರ್ಷ ಆಯಿತು, ಜೊತೆಗೆ ಸೇರಿದ ಹುಡುಗ ಡಿಬಿ ಡ್ರೆಸ್ಸಿಂಗ್ (ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಯ ವೈರ್ ಜೋಡಣೆ) ಮಾಡುತ್ತಿದ್ದ, ಅವರು ಇನ್ನೂ ಏಣಿ ಕೆಳಗೇ ನಿಂತಿದ್ದರು. ಅವರಿಗೆ ಕಲಿಯಲು ಬರಲಿಲ್ಲ ಅಂತ ಅಲ್ಲ. ನಾನು ಕಲಿಸಲಿಲ್ಲ. "ಅರ ಹಿಡಿದವ" ಅವರದ್ದನ್ನು ಓದಿದ ಮೇಲೆ ನಿನ್ನೆಯಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ.

ಅದಕ್ಕೆ ಅಣ್ಣ, ನೀವು ಯಾವ ಮೇಸ್ತ್ರಿ ಹತ್ತಿರ ಹೋದರೂ ಮೊದಲ ದಿನವೇ ಬಾಯಿಬಿಟ್ಟು ಹೇಳಿ. "ತಪ್ಪು ಮಾಡಿದರೆ ನನ್ನ ಕೈಯಲ್ಲೇ ಬಿಚ್ಚಿಸಿ, ಬೈಯಿರಿ" ಅಂತ. ಒಂದು ಸಲ ಹೇಳಿದರೆ ಸಾಲದು, ಆಗಾಗ ನೆನಪಿಸಬೇಕು. ನಮ್ಮ ಬಾಯಿಗೆ ಅಷ್ಟು ಬೇಗ ಬರುವುದಿಲ್ಲ.

ಕೆಲಸದ ವರಸೆ ಹೇಳುತ್ತೇನೆ. ಮೊದಲು ಗೋಡೆ ಕೊರೆಯುವುದು, ಪೈಪ್ ಕೂರಿಸುವುದು. ಮೊಣಕಾಲು, ಸೊಂಟ ಎರಡೂ ಮಾತಾಡುತ್ತವೆ. ಆರ್‌ಸಿಸಿ ಹಾಕುವ ಹಿಂದಿನ ದಿನ ಬಿಸಿಲಲ್ಲಿ ಕಂಬಿ ಮೇಲೆ ಬಗ್ಗಿ ಪೈಪ್ ಕಟ್ಟಬೇಕು. ಆಮೇಲೆ ಸ್ಪ್ರಿಂಗ್ ತೂರಿಸಿ ವೈರ್ ಎಳೆಯುವುದು. ಲೈಟ್‌ಗೆ ಯಾವ ವೈರ್, ಗೀಸರ್‌ಗೆ ಯಾವ ವೈರ್, ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಎಷ್ಟು ಆಂಪ್ಸ್, ಕರೆಂಟ್ ಸೋರಿದರೆ ಬೀಳುವ 30 ಮಿಲಿಆಂಪ್ಸ್ ಆರ್‌ಸಿಸಿಬಿ ಯಾಕೆ ಹಾಕುತ್ತಾರೆ ಅನ್ನುವುದು ಸೈಟಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. "ಇದಕ್ಕೆ ಎರಡೂವರೆ ಹಾಕು" ಅಂತಾರೆ ಅಷ್ಟೇ. ಯಾಕೆ ಎರಡೂವರೆ ಚದರ ಮಿಲಿಮೀಟರ್ ವೈರೇ ಅಂತ ಗೊತ್ತಾಗಬೇಕಾದರೆ ತರಗತಿ ಬೇಕು. ನಾನೇ ಐಟಿಐ ಮಾಡದೆ ಒದ್ದಾಡಿದವನು. ಮೀಟರ್ ಹಾಕಿಸುವಾಗ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿ ಬೇಕು, ನನ್ನ ಹತ್ತಿರ ಇರಲಿಲ್ಲ. ಎಷ್ಟೋ ವರ್ಷ ಬೇರೆಯವರ ಸಹಿಗೆ ದುಡ್ಡು ಕೊಟ್ಟಿದ್ದೇನೆ. ಪರ್ಮಿಟ್, ಲೈಸೆನ್ಸ್ ಎಲ್ಲ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಯಾವ ಓದಿಗೆ ಯಾವ ಪರ್ಮಿಟ್ ಸಿಗುತ್ತದೆ ಅಂತ ಈಗಲೇ ಅಲ್ಲಿ ವಿಚಾರಿಸಿಕೊಳ್ಳಿ.

ಹೆಲ್ಪರ್‌ಗೆ ನಾನು ದಿನಕ್ಕೆ 600 ಕೊಡುತ್ತೇನೆ. ಮಳೆಗಾಲದಲ್ಲಿ ತಿಂಗಳಿಗೆ 15 ದಿನ ಕೆಲಸ ಸಿಕ್ಕರೆ ಪುಣ್ಯ.

ಕುಂದಾಪುರ ಟು ಕೋಲ್ನ್ · ಗುರುವಾರ ಬೆಳಗ್ಗೆ 1:40

ಇಲ್ಲಿ ರಾತ್ರಿ. ಡ್ಯೂಟಿ ಮುಗಿಸಿ ಬಂದು ಓದುತ್ತಾ ಕೂತೆ. ಪಾಯಿಂಟ್ ರೇಟ್ ಅವರು ಹೇಳಿದ್ದಕ್ಕೆ ನನ್ನದೊಂದು ಸಾಕ್ಷಿ.

ಗಂಡನ ಕೆಲಸಕ್ಕಾಗಿ ಜರ್ಮನಿಗೆ ಬಂದವಳು ನಾನು. ಊರಲ್ಲಿ ಎಂ.ಕಾಂ. ಮುಗಿಸಿ ಪಾಠ ಮಾಡುತ್ತಿದ್ದೆ. ಇಲ್ಲಿ 38ಕ್ಕೆ ನರ್ಸಿಂಗ್ ಔಸ್‌ಬಿಲ್ಡುಂಗ್ ಸೇರಿದೆ, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ. ಮೂರು ವರ್ಷ, 2,100 ಗಂಟೆ ತರಗತಿ, 2,500 ಗಂಟೆ ವಾರ್ಡು. ವಯಸ್ಸಿನ ಮಿತಿ ಇಲ್ಲ. ಕಲಿಯುವಾಗಲೇ ಸಂಬಳ ಕೊಡುತ್ತಾರೆ, ನನಗೆ ಮೊದಲ ವರ್ಷ ಕೈಗೆ ಬರುತ್ತಿದ್ದುದು ಮನೆ ಬಾಡಿಗೆಗೆ ಸಾಕಾಗುತ್ತಿತ್ತು. ಹಾಗಂತ ಸುಲಭ ಅಂದುಕೊಳ್ಳಬೇಡಿ. ಸೇರುವ ಮುಂಚೆ ಭಾಷೆಗೇ ಎರಡು ವರ್ಷ ಹೋಯಿತು.

ಕಲಿಯುವವರಿಗೆ ಇಲ್ಲಿ ಅಜುಬಿ ಅಂತಾರೆ. ನಮ್ಮ ಬ್ಯಾಚಿನಲ್ಲಿ ಹದಿನೇಳರ ಅಜುಬಿಗಳೂ ಇದ್ದರು. ವಾರ್ಡಿನಲ್ಲಿ ಕಲಿಸುವವಳು 24ರ ಹುಡುಗಿ. ಕಲಿಸುವುದಕ್ಕೆಂದೇ ತರಬೇತಿ ಆದವಳು. ವಾರ್ಡಿನ ಕೆಲಸದಲ್ಲಿ ಶೇಕಡ 10ರಷ್ಟು ಹೊತ್ತು ಅಂಥವರು ಪಕ್ಕದಲ್ಲಿ ನಿಂತು ಕಲಿಸಲೇಬೇಕು ಅಂತ ಇಲ್ಲಿ ಕಾನೂನೇ ಇದೆ. ಎರಡನೇ ವಾರ ಒಬ್ಬ ಅಜ್ಜನನ್ನು ಹಾಸಿಗೆಯಲ್ಲಿ ಮಗ್ಗುಲು ತಿರುಗಿಸುವಾಗ ನಾನು ಕೈ ಎಳೆದೆ, ಭುಜ ಹಿಡಿಯಬೇಕಿತ್ತು. ಆ ಅಜ್ಜನ ಎದುರೇ ಹೇಳಿದಳು, "ನಿಲ್ಲಿಸು, ತಪ್ಪು, ಮೊದಲಿಂದ ಮಾಡು." ಜರ್ಮನ್‌ನಲ್ಲೂ ನೀನು, ನೀವು ಬೇರೆ ಬೇರೆ ಇದೆ. ಅವಳು ನೀನು ಅಂದಳು. ಬಾತ್‌ರೂಮಿಗೆ ಹೋಗಿ ಅತ್ತೆ. ಕಾಲೇಜಲ್ಲಿ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ವಯಸ್ಸಿನವಳು.

ಆದರೆ ಆ ಅಜ್ಜನನ್ನು ಮೂರನೇ ಸಲ ಸರಿಯಾಗಿ ತಿರುಗಿಸಿದೆ. ಇವತ್ತಿಗೂ ಕೈ ತಪ್ಪುವುದಿಲ್ಲ. ಊರಲ್ಲಾಗಿದ್ದರೆ "ಬಿಡಿ ಅಕ್ಕ, ನಾನು ಮಾಡ್ತೆ" ಅಂತ ಯಾರಾದರೂ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ನಾನೂ ನೆಮ್ಮದಿಯಾಗಿ ಬಿಟ್ಟುಕೊಡುತ್ತಿದ್ದೆ.

ಅಡುಗೆಮನೆ ಲೆಕ್ಕ · ಗುರುವಾರ ಮಧ್ಯಾಹ್ನ 3:20

ಎಲ್ಲರೂ ಕಲಿಯುವವರ ಕಥೆ ಹೇಳಿದಿರಿ. ಮನೆಯಲ್ಲಿರುವವಳ ಕಥೆ ನಾನು ಹೇಳುತ್ತೇನೆ.

ನಮ್ಮ ಯಜಮಾನರು 40ಕ್ಕೆ ಎಸಿ ರಿಪೇರಿ ಕಲಿಯಲು ಹೋದರು. ಒಳ್ಳೇದೇ ಆಯಿತು, ಈಗ ಅವರದ್ದೇ ಕೆಲಸ ಇದೆ. ಆದರೆ ಆ ಒಂದೂವರೆ ವರ್ಷ ದುಡಿದದ್ದು ನಾನು. ಒಡವೆ ಸೊಸೈಟಿಯಲ್ಲಿ ಕೂತಿತ್ತು. ಅವರಿಗೆ ಕಲಿಯುವ ಹುಮ್ಮಸ್ಸು, ಸಂಜೆ ಬಂದು ಗ್ಯಾಸ್ ಚಾರ್ಜಿಂಗ್ ಕಥೆ ಹೇಳುತ್ತಿದ್ದರು. ನನಗೆ ಗ್ಯಾಸ್ ಅಂದರೆ ಸಿಲಿಂಡರ್ ಬುಕ್ ಮಾಡುವ ದುಡ್ಡು.

ಗುಬ್ಬಿಯವರೇ, ಒಂದು ವರ್ಷ ಎಳೆಯಬಹುದು ಅಂದಿರಿ. ಆ ಲೆಕ್ಕ ಹಾಕಿದವರು ಯಾರು, ನೀವಾ, ನಿಮ್ಮ ಮನೆಯವರಾ? ಮಗಳು ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಅದರ ಮುಂದಿನ ವರ್ಷ ಪಿಯುಸಿ ಫೀಸು. ನೀವು ಐಟಿಐ ಎರಡನೇ ವರ್ಷದಲ್ಲಿರುವಾಗಲೇ ಅದು ಬರುತ್ತದೆ. ಮೊದಲು ಆ ಪುಸ್ತಕ ಅವರ ಕೈಗೆ ಕೊಡಿ.

ಕಾಯಿಲ್ ಸುಟ್ಟಿದೆ · ಗುರುವಾರ ರಾತ್ರಿ 8:45

ಚಿತ್ರದುರ್ಗ ಕಡೆಯವನು, ಮೋಟರ್ ರಿವೈಂಡಿಂಗ್. ನಾನು ಕಲಿತದ್ದು ರುಡ್‌ಸೆಟಿಯಲ್ಲಿ, 34ಕ್ಕೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರೂ ಎರಡು ಬ್ಯಾಂಕಿನವರೂ ಸೇರಿ ಶುರುಮಾಡಿದ್ದು ಅದು. ಅದನ್ನೇ ನೋಡಿ ಆಮೇಲೆ ಸರ್ಕಾರ ಜಿಲ್ಲೆಗೊಂದು ಆರ್‌ಸೆಟಿ ಮಾಡಿಸಿತು. ಊಟ, ವಸತಿ ಎಲ್ಲ ಬಿಟ್ಟಿ. ಬೆಳಗ್ಗೆ ಎಬ್ಬಿಸಿ ಯೋಗ, ಪ್ರಾರ್ಥನೆ ಮಾಡಿಸುತ್ತಾರೆ, ಅದಕ್ಕೆ ರೆಡಿ ಇರಿ. ನಾನು ಸೇರುವಾಗ 45ರ ಮಿತಿ ಇತ್ತು, ಹಾಗಾಗಿ ಇದನ್ನು ಮುಂದಕ್ಕೆ ಹಾಕಬೇಡಿ. ಐಟಿಐ ಎಲ್ಲೂ ಓಡಿಹೋಗಲ್ಲ.

30 ದಿನದಲ್ಲಿ ಕೆಲಸಗಾರ ಆಗುತ್ತೀರಿ ಅಂತ ತಿಳಿಯಬೇಡಿ. ಕಟಿಂಗ್ ಪ್ಲೇಯರ್ ಹೇಗೆ ಹಿಡಿಯಬೇಕು ಅಂತ ಗೊತ್ತಾಗುತ್ತದೆ ಅಷ್ಟೇ. ಆದರೆ ಅಷ್ಟು ಗೊತ್ತಿದ್ದು ಮೇಸ್ತ್ರಿ ಹತ್ತಿರ ಹೋಗುವುದಕ್ಕೂ ಬರಿಗೈಯಲ್ಲಿ ಹೋಗುವುದಕ್ಕೂ ವ್ಯತ್ಯಾಸ ಇದೆ. ಗುಬ್ಬಿ ಕಡೆ ತೆಂಗು, ಅಡಿಕೆ ತೋಟ ಜಾಸ್ತಿ. ಬೋರ್‌ವೆಲ್ ಸ್ಟಾರ್ಟರ್ ಬೋರ್ಡ್ ರಿಪೇರಿ ಕಲಿತರೆ ಸಾಕು, ಬೇಸಿಗೆಯಲ್ಲಿ ನಿದ್ದೆ ಮಾಡಲು ಬಿಡುವುದಿಲ್ಲ. ಕೆಲಸ ಕೊಡುವ ರೈತ ನಿಮ್ಮ ವಯಸ್ಸು ಕೇಳುವುದಿಲ್ಲ. ದೊಡ್ಡವರು ಬಂದರೆ ನಂಬಿಕೆ ಜಾಸ್ತಿ. ಹುಡುಗರನ್ನು ಮನೆಯೊಳಗೆ ಬಿಡಲು ಹಿಂದೆಮುಂದೆ ನೋಡುವ ಹೆಂಗಸರು ನನ್ನನ್ನು ಅಡುಗೆಮನೆವರೆಗೂ ಬಿಡುತ್ತಾರೆ.

ಗುಬ್ಬಿ ಜೆರಾಕ್ಸ್ · ಶುಕ್ರವಾರ ಬೆಳಗ್ಗೆ 7:00

ಅಡುಗೆಮನೆ ಲೆಕ್ಕ ಅಕ್ಕ, ಲೆಕ್ಕ ಹಾಕಿದ್ದು ನಾನೇ. ನಿನ್ನೆ ರಾತ್ರಿ ಅವಳ ಕೈಗೆ ಕೊಟ್ಟೆ. ಒಂದು ವರ್ಷ ಅಲ್ಲ, ಎಂಟು ತಿಂಗಳು ಅಂದಳು. ನಾನು ಎಲ್‌ಐಸಿ ಕಂತು ಬಿಟ್ಟಿದ್ದೆ.

ಆರ್‌ಸೆಟಿಗೆ ಇವತ್ತು ಹೋಗಿ ಬರುತ್ತೇನೆ. ಐಟಿಐ ಅರ್ಜಿಯನ್ನೂ ಹಾಕುತ್ತೇನೆ. ಆಮೇಲೆ ಬಂದು ಹೇಳುತ್ತೇನೆ.

ಗುಬ್ಬಿ ಜೆರಾಕ್ಸ್ · ಸುಮಾರು ಮೂರು ತಿಂಗಳ ನಂತರ, ಭಾನುವಾರ ಸಂಜೆ 6:30

ನೆನಪಿದೆಯಾ ನನ್ನನ್ನು? ಹೇಳುತ್ತೇನೆ ಅಂದಿದ್ದೆ, ತಡವಾಯಿತು.

ಐಟಿಐ ಮೊದಲ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. 338 ಅಂಕ ಎಲ್ಲಿಗೂ ಮುಟ್ಟಲಿಲ್ಲ. ವೈರ್‌ಮ್ಯಾನ್‌ಗೆ ಮುಂದಿನ ಸುತ್ತಿನಲ್ಲಿ ಸಿಗಬಹುದು ಅಂತ ಜೆಟಿಒ ಸರ್ ಪ್ರೈವೇಟ್ ಮೆಸೇಜಿನಲ್ಲಿ ಹೇಳಿದ್ದಾರೆ. ಸಿಕ್ಕರೆ ಸೇರುವುದಾ ಬೇಡವಾ ಅಂತ ಮನೆಯಲ್ಲಿ ಇನ್ನೂ ಮಾತು ನಡೆದಿದೆ. ಅವಳ ಹೆಸರಲ್ಲಿ ವಿಶ್ವಕರ್ಮಕ್ಕೆ ಹಾಕಿದ್ದೇವೆ.

30 ದಿನದ ತರಬೇತಿ ಮುಗಿಯಿತು. ಬ್ಯಾಚಿನಲ್ಲಿ ನಾನೇ ಹಿರಿಯ, ಹುಡುಗರು ನನ್ನನ್ನೇ ಲೀಡರ್ ಮಾಡಿಬಿಟ್ಟರು. ಕನ್ನಡಕ ಮಾಡಿಸಿಕೊಂಡೆ. ಅಂಗೈಯಲ್ಲಿ ಬೊಬ್ಬೆ ಬಂದಿಲ್ಲ, ಹೆಬ್ಬೆರಳ ಉಗುರು ಮಾತ್ರ ಸುತ್ತಿಗೆಗೆ ಸಿಕ್ಕಿ ಕಪ್ಪಾಗಿದೆ.

ಈಗ ತುಮಕೂರಿನಲ್ಲಿ ಒಬ್ಬ ಮೇಸ್ತ್ರಿ ಹತ್ತಿರ ಇದ್ದೇನೆ. 26 ವರ್ಷದ ಹುಡುಗ. ಮೊದಲ ದಿನವೇ ಪಾಯಿಂಟ್ ರೇಟ್ ಅವರು ಹೇಳಿಕೊಟ್ಟ ಮಾತು ಹಾಗೇ ಒಪ್ಪಿಸಿದೆ. "ಅಯ್ಯೋ ಬಿಡಿ ಅಣ್ಣ" ಅಂತ ನಕ್ಕ. ಮೂರು ವಾರ ಒಂದು ಮಾತು ಬೈಯಲಿಲ್ಲ. ಪೈಪ್ ಕೂರಿಸಲು ನಾನು ಗೋಡೆಯಲ್ಲಿ ಕೊರೆದ ಗಾಡಿ ಸೊಟ್ಟಗಿದ್ದರೂ "ಸೂಪರ್ ಅಣ್ಣ" ಅನ್ನುತ್ತಿದ್ದ. ನನಗೆ ಭಯವಾಗಲು ಶುರುವಾಯಿತು.

ಮೊನ್ನೆ ಶುಕ್ರವಾರ ಒಂದು ಮನೆಯಲ್ಲಿ ಬೆಡ್‌ರೂಮ್ ಬೋರ್ಡ್ ನನ್ನೊಬ್ಬನಿಗೇ ಬಿಟ್ಟಿದ್ದ. ಹಾಕಿದೆ. ಸ್ವಿಚ್ ಒತ್ತಿದರೆ ಲೈಟ್ ಹತ್ತುತ್ತದೆ, ಆಫ್ ಮಾಡಿದರೆ ಆರುತ್ತದೆ. ಖುಷಿಯಾಗಿ ಕರೆದು ತೋರಿಸಿದೆ. ಅವನು ಏನೂ ಮಾತಾಡದೆ ಸ್ವಿಚ್ ಆಫ್ ಮಾಡಿದ. ಏಣಿ ಹತ್ತಿ ಬಲ್ಬ್ ತೆಗೆದು ಹೋಲ್ಡರ್ ಒಳಗೆ ಟೆಸ್ಟರ್ ಇಟ್ಟ. ಟೆಸ್ಟರ್ ಉರಿಯಿತು.

ಸ್ವಿಚ್‌ಗೆ ಫೇಸ್ (ಕರೆಂಟ್ ಬರುವ ವೈರ್) ಕೊಡುವ ಬದಲು ನ್ಯೂಟ್ರಲ್ (ವಾಪಸ್ ಹೋಗುವ ವೈರ್) ಕೊಟ್ಟಿದ್ದೆ. ಲೈಟ್ ಆರುತ್ತದೆ, ಆದರೆ ಹೋಲ್ಡರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಸ್ವಿಚ್ ಆಫ್ ಇದೆ ಅಂತ ನಂಬಿ ಬಲ್ಬ್ ಬದಲಾಯಿಸಲು ಯಾರಾದರೂ ಕೈ ಹಾಕಿದರೆ ಮುಗಿಯಿತು.

ಅರ ಹಿಡಿದವ · ಭಾನುವಾರ ಸಂಜೆ 6:52

ಆಮೇಲೆ? ಬೈದನಾ?

ಗುಬ್ಬಿ ಜೆರಾಕ್ಸ್ · ಭಾನುವಾರ ಸಂಜೆ 7:05

ಏಣಿ ಮೇಲಿಂದಲೇ ಕಿರುಚಿದ. "ಏಯ್, ಕಣ್ಣು ಎಲ್ಲಿಟ್ಟಿದ್ದೀಯೋ? ಆ ಮನೇಲಿ ಮಕ್ಕಳಿಲ್ವಾ? ಬಿಚ್ಚು ಎಲ್ಲಾ, ಮೊದಲಿಂದ ಹಾಕು!"

ಎರಡು ನಿಮಿಷ ಆದಮೇಲೆ ಕೆಳಗಿಳಿದು ಬಂದ. "ಸಾರಿ ಅಣ್ಣ, ಬಾಯಿ ತಪ್ಪಿ ಬಂತು" ಅಂದ.

ನಾನು ಬೋರ್ಡ್ ಬಿಚ್ಚುತ್ತಿದ್ದೆ. ಸಾರಿ ಗೀರಿ ಬೇಡ, ಕೆಂಪು ವೈರ್ ಇತ್ತ ಕೊಡು ಅಂದೆ.

ಪಾಯಿಂಟ್ ರೇಟ್ · ಭಾನುವಾರ ರಾತ್ರಿ 8:20

ಅಣ್ಣ, ಆ ಬೋರ್ಡ್ ಎರಡನೇ ಸಲ ಹಾಕಿದ ಮೇಲೆ ಟೆಸ್ಟರ್ ನೀವೇ ಇಟ್ಟು ನೋಡಿದಿರಾ, ಅವನು ನೋಡಿದನಾ?

ಗುಬ್ಬಿ ಜೆರಾಕ್ಸ್ · ಭಾನುವಾರ ರಾತ್ರಿ 8:31

ನಾನೇ. ಏಣಿ ಹತ್ತಿ.